ಓಡಿಸುವ ಮೊದಲು ಮಲಗುವುದನ್ನು ಕಲಿಸಿ

ಬಾಗಲಕೋಟೆ, ವಿಜಯಪುರದ ಬೀದಿಗಳಿಂದ ರಕ್ಷಿಸಿದ ನಾಯಿಗಳಲ್ಲಿ ಮುಧೋಳ ಬೇಟೆನಾಯಿ ತಳಿಯ ರಕ್ತ ಬೆರೆತವೂ ಸಿಗುತ್ತವೆ. ನೀಳ ಕಾಲು, ಚೂಪು ಮೂತಿ, ಒಳಸೇರಿದ ಹೊಟ್ಟೆ. ವರ್ಷ ತುಂಬಿದ ಇಂಥ ನಾಯಿಯನ್ನು ಮನೆಗೆ ತಂದವರು ಮಾಡುವ ಮೊದಲ ತಪ್ಪು, ದಣಿಯುವ ತನಕ ಓಡಿಸುವುದು. ದಿನವೂ ಓಡಿದಷ್ಟು ಅದರ ದಮ್ಮು ಹೆಚ್ಚುತ್ತದೆ. ಒಂದು ತಾಸು ಸಾಕಾಗುತ್ತಿದ್ದ ನಾಯಿಗೆ ತಿಂಗಳೊಪ್ಪತ್ತಿನಲ್ಲಿ ಎರಡು ತಾಸೂ ಸಾಲದು, ಚಪ್ಪಲಿ ಹರಿಯುವುದು ಮಾತ್ರ ನಿಲ್ಲುವುದಿಲ್ಲ.

ನಾಯಿ ಬರುವ ಮೊದಲೇ ಕೊರಳಪಟ್ಟಿ ತನ್ನಿ. ಈ ತಳಿಯ ತಲೆ ಕೊರಳಿಗಿಂತ ಕಿರಿದು. ಡಿಜೆ ಸದ್ದಿಗೋ ಪಟಾಕಿಗೋ ಬೆದರಿ ಹಿಂದಕ್ಕೆ ಜಗ್ಗಿದರೆ ಸಾದಾ ಬೆಲ್ಟು ಕಿವಿ ದಾಟಿ ಕಳಚುತ್ತದೆ. ಎರಡು ಇಂಚು ಅಗಲದ ಮಾರ್ಟಿಂಗೇಲ್ ಪಟ್ಟಿ ಬೇಕು, ಅಂದರೆ ಎರಡು ಬಳೆಗಳ ಮೂಲಕ ಹಾಯುವ ಚಿಕ್ಕ ಕುಣಿಕೆಯಿರುವ ಪಟ್ಟಿ. ಜಗ್ಗಿದಾಗ ಬಿಗಿಯಾಗಬೇಕು, ಆದರೆ ಅದರ ಎರಡು ಬಳೆಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಅಳತೆ ದೊಡ್ಡದಾಯಿತು ಎಂದೇ ಅರ್ಥ. ಮನೆಯೊಳಗೆ ಒಂಟಿಯಾಗಿ ಬಿಡುವಾಗ ಅದನ್ನು ಬಿಚ್ಚಿಡಿ. ಕಿಟಕಿಗೋ ಗೇಟಿಗೋ ಸಿಕ್ಕಿ ಉಸಿರು ಕಟ್ಟಬಹುದು. ಕಾಂಪೌಂಡ್ ಆರು ಅಡಿ ಇದ್ದರೂ ಅದಕ್ಕೆ ಒತ್ತಿಟ್ಟ ಕಟ್ಟಿಗೆ, ಡ್ರಮ್ಮು ತೆಗೆಯಿರಿ.

ಮೊದಲ ವಾರದಲ್ಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಲಸಿಕೆಯ ದಾಖಲೆ ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ಎಣಿಸಿ ರೇಬಿಸ್ ಲಸಿಕೆಯಿಂದ ಆರಂಭಿಸಬೇಕು. ತೂಕ ನೋಡಿ ಜಂತುಹುಳು ಔಷಧ. ಕಿವಿಯೊಳಗೆ, ಬೆರಳಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಹುಡುಕಿ. ಊಟ ಬಿಟ್ಟು ವಸಡು ಬಿಳಿಚಿದರೆ ಉಣ್ಣೆ ಜ್ವರವಿರಬಹುದು, ರಕ್ತ ಪರೀಕ್ಷೆ ತಡಮಾಡಬೇಡಿ. ಸಂತಾನಹರಣಕ್ಕೆ ಒಪ್ಪಿಸುವಾಗ ಮುಧೋಳ ರಕ್ತವಿದೆ ಎಂದು ತಪ್ಪದೆ ಹೇಳಿ. ಬೇಟೆಯ ಈ ತೆಳ್ಳನೆ ತಳಿಗಳಿಗೆ ಥಯೋಪೆಂಟೋನ್‌ನಂಥ ಅರಿವಳಿಕೆ ಇಳಿಯಲು ಬಹಳ ಹೊತ್ತು ಬೇಕು.

ಇನ್ನು ಮೊದಲ ಎರಡು ವಾರ. ಜನ ಓಡಾಡದ ಮೂಲೆಯಲ್ಲಿ ಹಳೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಬರೀ ಫರಸಿ ಕಲ್ಲಿನ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ತಾನಾಗಿ ಮಲಗಿದಾಗ ಮಾತಾಡದೆ, ಮೈ ಸವರದೆ, ಮುಂಗಾಲ ನಡುವೆ ಒಂದು ತುಣುಕು ರೊಟ್ಟಿ ಇಟ್ಟು ಸರಿಯಿರಿ. ದಿನಕ್ಕೆ ಹತ್ತು ಸಲ. ಮಲಗಿದರೆ ಲಾಭವಿದೆ ಎಂದು ಅದಕ್ಕೆ ತಿಳಿಯಬೇಕು. ಒಂಟಿ ಬಿಡುವುದನ್ನೂ ಇದರ ಜೊತೆಗೇ ಕಲಿಸಿ: ಮೂವತ್ತು ಸೆಕೆಂಡ್, ಒಂದು ನಿಮಿಷ, ಮೂರು, ಐದು. ಊಳಿಟ್ಟರೆ ಹಿಂದಿನ ಅಳತೆಗೆ ಇಳಿಯಿರಿ. ಹೊರಗೆ ದಿನಕ್ಕೆರಡು ಸಲ ಇಪ್ಪತ್ತು ನಿಮಿಷ, ಅದರ ಮೂಗು ಹೋದತ್ತ ನಿಧಾನ ನಡಿಗೆ. ಒಂದು ಜೋಳದ ರೊಟ್ಟಿಯನ್ನು ಇಪ್ಪತ್ತು ಚೂರು ಮಾಡಿ ಗೋಣಿಚೀಲದ ಮಡಿಕೆಗಳಲ್ಲಿ ಬಚ್ಚಿಡಿ. ಹೀಗೆ ಮೂಸಿ ಹುಡುಕಿದ ನಾಯಿ ಓಡದೆಯೂ ದಣಿದು ನಿದ್ದೆ ಮಾಡುತ್ತದೆ.

ಊಟ ಎರಡು ಹೊತ್ತು. ರೊಟ್ಟಿ ಮಜ್ಜಿಗೆ ಮಾತ್ರ ಸಾಲದು. ಬೇಯಿಸಿದ ಮೊಟ್ಟೆ ಅಥವಾ ಎಲುಬಿಲ್ಲದ ಕೋಳಿ ಸೇರಲಿ. ಕಡೆಯ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ, ದಪ್ಪ ಮಾಡಲು ಹೋಗಬೇಡಿ. ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ, ಉಳ್ಳಾಗಡ್ಡಿ ಪಲ್ಯ ಬೇಡವೇ ಬೇಡ. ವಿಜಯಪುರದ ಮನೆಗಳಲ್ಲಿ ದೊಡ್ಡ ಅಪಾಯ ದ್ರಾಕ್ಷಿ, ಒಣದ್ರಾಕ್ಷಿ. ಒಂದು ಹಿಡಿಯಷ್ಟಕ್ಕೇ ಮೂತ್ರಪಿಂಡ ಕೆಡಬಹುದು. ತಿಂದದ್ದು ಕಂಡರೆ ನಾಯಿ ಚುರುಕಾಗಿದ್ದರೂ ಆಗಲೇ ವೈದ್ಯರ ಬಳಿ ಓಡಿ.

ಬಾಗಿಲ ಸದ್ದಿಗೆ ಎದ್ದು ನೋಡಿ ತಾನೇ ಕೌದಿಗೆ ಮರಳತೊಡಗಿದಾಗ ಓಟ ಶುರು ಮಾಡಿ. ಬೇಲಿಯಿರುವ ಜಾಗ, ಹತ್ತು ಮೀಟರ್ ಹಗ್ಗ. ಹಗ್ಗವನ್ನು ಎದೆಯ ಹಾರ್ನೆಸ್ಸಿಗೇ ಕಟ್ಟಿ. ಆ ವೇಗದಲ್ಲಿ ಜಗ್ಗಿದರೆ ಕೊರಳಿಗೆ ಪೆಟ್ಟು. ಉಂಡ ಮೇಲೆ ಒಂದು ತಾಸು ಓಟ ಬೇಡ, ಹೊಟ್ಟೆ ತಿರುಚಿಕೊಳ್ಳುವ ಭಯವಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮಲ್ಲಿ ಬೆಳಗಿನ ಏಳರೊಳಗೆ ಮುಗಿಸಿ. ಅಂಗೈ ಹಿಂಬದಿಯನ್ನು ಏಳು ಸೆಕೆಂಡ್ ಡಾಂಬರಿಗೆ ಒತ್ತಲಾಗದಿದ್ದರೆ ಅದರ ಪಾದಕ್ಕೂ ಆಗದು. ಬಯಲಲ್ಲಿ ಕುರಿ ಹಿಂಡು ಕಂಡರೆ ಹಗ್ಗವನ್ನು ಕೈಗೆ ಸುತ್ತದೆ ಮೀಟರ್‌ನಷ್ಟು ಗಿಡ್ಡ ಹಿಡಿದು, ಅದು ಓಡುವ ಮೊದಲೇ ದಾರಿ ಬದಲಿಸಿ. ಕಣ್ಣಿಗೆ ಬಿದ್ದದ್ದನ್ನು ಅಟ್ಟಲು ಹೊರಟ ಮೇಲೆ ಈ ನಾಯಿಗೆ ನಿಮ್ಮ ಕರೆ ಕೇಳಿಸುವುದಿಲ್ಲ.