ಚಿತ್ರಕಲಾ ಪರಿಷತ್ತಿಗೆ ಮನೆಮಂದಿಯೆಲ್ಲ ಹೋಗುವುದಾದರೆ

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಒಂದು ಸಲಹೆ. ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ. ಮಕ್ಕಳಿಗೆ ಬೇಗ ಸಾಕಾಗುತ್ತದೆ.

ಚಿಕ್ಕವರು ಜೊತೆಗಿದ್ದರೆ ಮೊದಲು ತೊಗಲುಗೊಂಬೆಗಳ ಕಡೆ ಹೋಗಿ. ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಅವರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಗೊಂಬೆಗಳು ಅವು. ರಾವಣ ಯಾರು, ಹನುಮಂತ ಯಾರು ಅಂತ ಮಕ್ಕಳೇ ಹುಡುಕಲಿ. ಹೆಸರಿನ ಚೀಟಿಯನ್ನು ನೀವು ಮೊದಲೇ ಓದಿ ಹೇಳಬೇಡಿ. ಅಜ್ಜ ಅಜ್ಜಿಗೆ ಮೈಸೂರು ಶೈಲಿಯ ಚಿತ್ರಗಳು ಜಾಸ್ತಿ ಹಿಡಿಸುತ್ತವೆ. ಅಲ್ಲಿ ನೇರವಾಗಿ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ. ಒಡವೆ, ಕಿರೀಟದ ಭಾಗ ಮೇಲೆದ್ದಿರುವುದು ಆಗ ಕಾಣುತ್ತದೆ. ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬು ಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ರಷ್ಯಾ ಮೂಲದ ಕಲಾವಿದರಾದ ರೋರಿಕ್ ತಂದೆ-ಮಗನ ಚಿತ್ರಗಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ, ಅವಕ್ಕೆ ಸಮಾಧಾನ ಬೇಕು.

ಬಾಡಿಗೆ ಗ್ಯಾಲರಿಗಳಲ್ಲಿ ಪ್ರದರ್ಶನ ಆಗಾಗ ಬದಲಾಗುತ್ತಿರುತ್ತದೆ. ಎಷ್ಟೋ ಸಲ ಕಲಾವಿದರೇ ಅಲ್ಲಿ ಕೂತಿರುತ್ತಾರೆ. ಸಂಕೋಚ ಬೇಡ, ಹೇಗೆ ಮಾಡಿದಿರಿ ಅಂತ ಕೇಳಿ. ನನಗೆ ಇದು ಯಾವ ಕ್ಲಾಸಿಗಿಂತಲೂ ದೊಡ್ಡ ಪಾಠ ಅನಿಸುತ್ತದೆ.

ಕಲಿಯುವ ಆಸೆ ಇದ್ದರೆ ಆಫೀಸಿನಲ್ಲೇ ವಿಚಾರಿಸಿ. ಬೇಸಿಗೆ ಶಿಬಿರದ ಬಗ್ಗೆ ಮಾರ್ಚ್‌ನಲ್ಲೇ ಕೇಳುವುದು ಒಳ್ಳೆಯದು.

ಕಲಾವಿದರು ರಸ್ತೆಯಲ್ಲೇ ಚಿತ್ರ ಇಟ್ಟು ಮಾರುವ ಜನವರಿಯ ಚಿತ್ರಸಂತೆಗೆ ಬೆಳಿಗ್ಗೆ ಬೇಗ ಬನ್ನಿ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ವಯಸ್ಸಾದವರಿಗೆ ಕಷ್ಟ. ಕಾರಿಗಿಂತ ಮೆಟ್ರೋ ವಾಸಿ.