ಆಮಂತ್ರಣ ಪತ್ರಿಕೆಯ ಅರ್ಕಾವೊತ್ತು

ಬದಿಯಡ್ಕ ಪೇಟೆಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟು ಹದಿನೇಳು ವರ್ಷಗಳಾದವು. ಬ್ರಹ್ಮಕಲಶೋತ್ಸವ, ಮದುವೆ, ಗೃಹಪ್ರವೇಶ, ತಾಳಮದ್ದಳೆ, ಶಾಲಾ ವಾರ್ಷಿಕೋತ್ಸವ ಮುಂತಾದವುಗಳ ಆಮಂತ್ರಣ ಪತ್ರಿಕೆಗಳೇ ನನ್ನ ಮುಖ್ಯ ಕೆಲಸ. ಕಾಸರಗೋಡಿನ ಈ ಭಾಗದಲ್ಲಿ ಹಾಳೆಯ ಒಂದು ಮಗ್ಗುಲಲ್ಲಿ ಕನ್ನಡವೂ ಇನ್ನೊಂದು ಮಗ್ಗುಲಲ್ಲಿ ಮಲಯಾಳವೂ ಅಚ್ಚಾಗುವುದು ವಾಡಿಕೆ. ಆದ್ದರಿಂದ ಕಂಪ್ಯೂಟರಿನಲ್ಲಿ ಈ ಎರಡು ಲಿಪಿಗಳು ಕೊಡುವ ತೊಂದರೆಗಳನ್ನು ಒಟ್ಟೊಟ್ಟಿಗೆ ಅನುಭವಿಸಿದವನು ನಾನು.

ಕೆಲವು ವರ್ಷಗಳ ಹಿಂದೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರ ಅಭಿನಂದನಾ ಸಮಾರಂಭಕ್ಕೆ 500 ಪತ್ರಿಕೆಗಳನ್ನು ಮಾಡಿಸಿಕೊಟ್ಟಿದ್ದೆ. ಮಾಷ್ಟ್ರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಬರಹದಲ್ಲಿ ‘ರ‍್ಯಾಂಕ್ ವಿಜೇತರು’ ಎಂದು ಸರಿಯಾಗಿಯೇ ಇತ್ತು. ಅಚ್ಚಾಗಿ ಬಂದ ಹಾಳೆಯಲ್ಲಿ ಅದು ‘ರ್ಯಾಂಕ್’ ಆಗಿತ್ತು. ರಕಾರ ಮಾಯವಾಗಿ ಯಕಾರದ ಬಲಕ್ಕೆ ಅರ್ಕಾವೊತ್ತು ಕುಳಿತಿತ್ತು. ಮಾಷ್ಟ್ರು ಸಿಟ್ಟಾಗಲಿಲ್ಲ. “ಮಲಯಾಳ ಬದಿ ತಪ್ಪಿಲ್ಲದೆ ಬಂದಿದೆ, ನಮ್ಮ ಕನ್ನಡ ಮಾತ್ರ ಹೀಗಾಯಿತಲ್ಲ” ಎಂದಷ್ಟೇ ಹೇಳಿದರು. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಹಾಳೆಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿದೆ, ಮತ್ತು ಕಾರಣವನ್ನು ಹುಡುಕದೆ ಬಿಡಬಾರದೆಂದು ನಿಶ್ಚಯಿಸಿದೆ.

ಕಾರಣ ಹೀಗಿದೆ. ಪ್ರತಿಯೊಂದು ಲಿಪಿಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಅವುಗಳದೇ ಸಂಕೇತಗಳನ್ನು ಕೊಡುವ ವ್ಯವಸ್ಥೆ ಯೂನಿಕೋಡ್. ಯೂನಿಕೋಡ್‌ನಲ್ಲಿ ರಕಾರ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ), ಯಕಾರ ಈ ಮೂರು ಸಾಲಾಗಿ ಬಂದರೆ ಅದನ್ನು ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತಾಗಿ ತೋರಿಸುವುದು ನಿಯಮ. ರಕಾರವನ್ನು ಪೂರ್ಣವಾಗಿ ಉಳಿಸಿ ಯಕಾರವನ್ನು ಕೆಳಗೆ ಒತ್ತಾಗಿ ಕೊಡಬೇಕಾದರೆ, ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಇಡಬೇಕು. ಬರಹವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲಿಸುವಾಗ ಆ ಸಂಕೇತ ಉದುರಿಹೋಗಿತ್ತು. ಕಾಣದ ವಸ್ತು ಕಳೆದುಹೋದದ್ದು ಯಾರಿಗೂ ಕಾಣುವುದಿಲ್ಲ. ಪುಟವಿನ್ಯಾಸದ ಆ ತಂತ್ರಾಂಶವನ್ನು ತಯಾರಿಸಿದವರಿಗೆ ಮೂರು ಬಾರಿ ಬರೆದೆ. ಹೊಸ ಆವೃತ್ತಿಯನ್ನು ಹಾಕಿಕೊಳ್ಳಿ ಎಂಬುದೇ ಮೂರು ಬಾರಿಯೂ ಬಂದ ಉತ್ತರ. ಹಣ ಕೊಟ್ಟು ಹೊಸ ಆವೃತ್ತಿ ಹಾಕಿದೆ. ದೋಷ ಇದ್ದಲ್ಲಿಯೇ ಇತ್ತು.

ಅಲ್ಲಿಂದ ಮುಂದೆ ನಾನೇ ದಾರಿ ಮಾಡಿಕೊಂಡೆ. ಗ್ರಾಹಕರ ಬರಹವನ್ನು ಈಗ ನೇರವಾಗಿ ವಿನ್ಯಾಸದ ಪುಟಕ್ಕೆ ಅಂಟಿಸುವುದಿಲ್ಲ. ಮೊದಲು ವರ್ಡ್‌ನಲ್ಲಿ ತೆರೆದು, ಬೇಕಾದಲ್ಲಿ ಇಂಗ್ಲಿಷ್ ಕೀಲಿಗಳಿಂದ 200ಡಿ ಎಂದು ಒತ್ತಿ, ಕೂಡಲೇ ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತುತ್ತೇನೆ. ಆಗ ಆ ಅಂಕಿ ಅಳಿದು ಜೋಡಕ ಸಂಕೇತ ಅಲ್ಲಿ ಸೇರುತ್ತದೆ. 200ಸಿ ಎಂದು ಒತ್ತಿದರೆ ಇದಕ್ಕೆ ವಿರುದ್ಧವಾದ, ಅಕ್ಷರಗಳನ್ನು ಒತ್ತಾಗಲು ಬಿಡದ ಸಂಕೇತ ಸಿಗುತ್ತದೆ; ‘ಹೋಟೆಲ್ನಲ್ಲಿ’ ಎಂಬುದು ‘ಹೋಟೆಲ್‌ನಲ್ಲಿ’ ಆಗುವುದು ಅದರಿಂದಲೇ. ಬಳಿಕ ವಿನ್ಯಾಸದ ಪುಟದಲ್ಲಿ ಪ್ಯಾರಾಗ್ರಾಫ್ ಆಯ್ಕೆಗಳೊಳಗೆ ‘ವರ್ಲ್ಡ್ ರೆಡಿ’ ಎಂಬ ಸಂಯೋಜಕವನ್ನು ಆರಿಸುತ್ತೇನೆ. ಇದನ್ನು ಆರಿಸದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚದುರುತ್ತವೆ. ಎಷ್ಟೋ ಮಂದಿ ಈ ಒಂದು ಆಯ್ಕೆ ತಿಳಿಯದೆ ಯೂನಿಕೋಡ್ ಅಚ್ಚಿಗೆ ಆಗದು ಎಂದು ಕೈಬಿಟ್ಟಿದ್ದಾರೆ.

ಆದರೆ ಯಂತ್ರದ ದೋಷಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಮೊಬೈಲಿನಲ್ಲಿ ಬೆರಳಚ್ಚು ಮಾಡುವವರ ಒಂದು ಅಭ್ಯಾಸ. ಅರ್ಕಾವೊತ್ತು ಹೇಗೆ ಬರುತ್ತದೆಂದು ತಿಳಿಯದೆ ಅನೇಕರು ಅದೇ ಆಕಾರದ ಕನ್ನಡ ಅಂಕಿ ಒಂಬತ್ತನ್ನು ಒತ್ತಿ ‘ಕಾಯ೯ಕ್ರಮ’ ಎಂದು ಬರೆಯುತ್ತಾರೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನಿಟ್ಟು ‘ಮ೦ಗಳೂರು’ ಎನ್ನುತ್ತಾರೆ. ತೆರೆಯ ಮೇಲೆ ಎರಡೂ ಸರಿಯಾಗಿಯೇ ಕಾಣುತ್ತವೆ. ಆದರೆ ಕಂಪ್ಯೂಟರಿಗೆ ಅವು ಅಂಕಿಗಳು. ಹೆಸರನ್ನು ಹುಡುಕಿದರೆ ಸಿಗುವುದಿಲ್ಲ, ಅಕ್ಷರಶೈಲಿ ಬದಲಿಸಿದ ಕೂಡಲೇ ಅಂಕಿಯ ನಿಜರೂಪ ಎದ್ದು ಕಾಣುತ್ತದೆ. ಸೊನ್ನೆಯನ್ನು ತಿದ್ದುವುದು ಅಷ್ಟು ಕಷ್ಟವಲ್ಲ; ಪಕ್ಕದಲ್ಲಿ ಬೇರೆ ಅಂಕಿ ಇಲ್ಲದ ಸೊನ್ನೆಗಳನ್ನು ಮಾತ್ರ ಹುಡುಕಿ ಬದಲಿಸಿದರೆ ದಿನಾಂಕ ಮತ್ತು ಫೋನ್ ಸಂಖ್ಯೆಗಳಿಗೆ ತೊಂದರೆಯಾಗುವುದಿಲ್ಲ. ಒಂಬತ್ತಕ್ಕೆ ಈ ಉಪಾಯ ಸಾಲದು. ಅರ್ಕಾವೊತ್ತು ಕಣ್ಣಿಗೆ ಅಕ್ಷರದ ಬಲಗಡೆ ಕಂಡರೂ ಕಡತದಲ್ಲಿ ರಕಾರ ಮೊದಲೇ ಬರಬೇಕು. ಹಾಗಾಗಿ ಅಂಕಿಯನ್ನು ಅಳಿಸಿ ಹಿಂದಿನ ಅಕ್ಷರದ ಮೊದಲು ರಕಾರವನ್ನು ಸೇರಿಸಬೇಕಾಗುತ್ತದೆ. ಅದನ್ನು ನಾನು ಒಂದೊಂದಾಗಿ ನೋಡಿಯೇ ತಿದ್ದುತ್ತೇನೆ. ಬ್ರಹ್ಮಕಲಶೋತ್ಸವದ ಸಮಿತಿಯ ಪಟ್ಟಿಯೆಂದರೆ ಇನ್ನೂರು ಮುನ್ನೂರು ಹೆಸರುಗಳು. ತಮ್ಮ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕುವವರಿಗೆ ಅದು ಸರಿಯಾಗಿ ಸಿಗಬೇಕು.

ಅಚ್ಚಿಗೆ ಕಳುಹಿಸುವ ಮುನ್ನ ಇನ್ನೊಂದು ಎಚ್ಚರವಿದೆ. ನಾನು ಕೊಡುವ ಆಫ್‌ಸೆಟ್ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನನ್ನ ಅಕ್ಷರಶೈಲಿ ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ಹಾಳು. ಆದ್ದರಿಂದ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಬರಹವನ್ನು ಚಿತ್ರರೇಖೆಗಳಾಗಿ ಬದಲಿಸಿ, ಕಳುಹಿಸುತ್ತೇನೆ. ಹಾಗೆ ಮಾಡಿದ ಮೇಲೆ ಒಂದು ಅಕ್ಷರವನ್ನೂ ತಿದ್ದಲಾಗುವುದಿಲ್ಲವಾದ್ದರಿಂದ ಮೂಲ ಕಡತವನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ.

ಹಳೆಯ ಕಡತಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಯೂನಿಕೋಡ್‌ಗೆ ಬರುವ ಮುನ್ನ ನಾನು ಮಾಡಿದ ಪತ್ರಿಕೆಗಳೆಲ್ಲ ಆಸ್ಕಿ ಅಕ್ಷರಶೈಲಿಯವು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಮಲಯಾಳದ ಹಳೆಯ ಅಕ್ಷರಶೈಲಿಗಳೂ ಹಾಗೆಯೇ. ಈ ಕಾರಣದಿಂದ ಎರಡು ಭಾಷೆಯ ಆಮಂತ್ರಣವನ್ನು ಇಡಿಯಾಗಿ, ಆಸ್ಕಿ ಕನ್ನಡವನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಕೊಟ್ಟರೆ ಮಲಯಾಳದ ಸಾಲುಗಳೂ ನಡುವೆ ಬರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಕನ್ನಡದ ಪರಿಚ್ಛೇದಗಳನ್ನಷ್ಟೇ ಬೇರ್ಪಡಿಸಿ ಪರಿವರ್ತಿಸಿ, ಹಳೆಯ ಅಚ್ಚಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ನೋಡುವುದಲ್ಲದೆ ಬೇರೆ ದಾರಿ ನನಗೆ ಸಿಕ್ಕಿಲ್ಲ. ಮಲಯಾಳದ ಭಾಗವನ್ನು ಆ ಭಾಷೆ ಬಲ್ಲ ನನ್ನ ಸಹಾಯಕಿ ಬೇರೆಯಾಗಿ ನೋಡುತ್ತಾಳೆ. ಅಲ್ಲಿಯೂ ಚಿಲ್ಲಕ್ಷರಗಳ, ಅಂದರೆ ಸ್ವರವಿಲ್ಲದ ಕೆಲವು ವ್ಯಂಜನಗಳಿಗಿರುವ ಪ್ರತ್ಯೇಕ ಅಕ್ಷರರೂಪಗಳ, ತೊಡಕಿದೆ. 2008ರ ಯೂನಿಕೋಡ್ 5.1 ಆವೃತ್ತಿಯಲ್ಲಿ ಅವುಗಳಿಗೆ ಸ್ವಂತ ಸಂಕೇತಗಳು ಬಂದರೂ, ಮೊದಲಿನ ಕ್ರಮದಲ್ಲಿ ಜೋಡಕ ಸಂಕೇತ ಬಳಸಿ ಬರೆದ ಹೆಸರುಗಳು ಈಗಲೂ ನಮ್ಮ ಕೈಗೆ ಬರುತ್ತವೆ. ಒಂದೇ ಹೆಸರು ಎರಡು ಬಗೆಯಲ್ಲಿ ಇದ್ದರೆ ಹುಡುಕಾಟಕ್ಕೆ ಒಂದು ಮಾತ್ರ ಸಿಗುತ್ತದೆ.

ಮಳೆಗಾಲದಲ್ಲಿ ಸಮಾರಂಭಗಳು ಕಡಿಮೆಯಾದಾಗ ನಾವಿಬ್ಬರೂ ಈ ಕೆಲಸಕ್ಕೆ ಕೂರುತ್ತೇವೆ. ಮೊದಲು ಕೈಗೆತ್ತಿಕೊಂಡದ್ದು ದೇವಸ್ಥಾನಗಳ ಮತ್ತು ಭಜನಾ ಮಂದಿರಗಳ ಪತ್ರಿಕೆಗಳನ್ನು, ಏಕೆಂದರೆ ಹನ್ನೆರಡು ವರ್ಷ ಕಳೆದು ಮುಂದಿನ ಬ್ರಹ್ಮಕಲಶ ಬಂದಾಗ ಹಿಂದಿನ ಸಮಿತಿಯಲ್ಲಿ ಯಾರಿದ್ದರೆಂದು ಕೇಳಿಕೊಂಡು ಊರಿನವರು ನಮ್ಮಲ್ಲಿಗೇ ಬರುತ್ತಾರೆ.