ಎರಡು ಆಸ್ಪತ್ರೆ ಸಿಸ್ಟಮ್‌ಗಳು ಪೇಷೆಂಟ್ ಡೇಟಾ ಹಂಚ್ಕೊಳ್ಳೋ ಹಾಗೆ ಮಾಡೋದು ಹೇಗೆ

ಮೊದಲ್ನೇ ದಿನಾನೇ ಇಡೀ ರೆಕಾರ್ಡ್ ಹಂಚೋಕೆ ಹೋಗ್ಬೇಡಿ. ಒಂದೇ ಒಂದು ವಿಷಯ ಹಿಡ್ಕೊಳ್ಳಿ, ಲ್ಯಾಬ್ ರಿಪೋರ್ಟ್ ಅಂತಿಟ್ಕೊಳ್ಳಿ, ಅದು ಆ ಕಡೆ ತಲುಪಿ ಅಲ್ಲಿನ ಡಾಕ್ಟರ್ ನಂಬಿ ಓದೋ ಹಾಗಾಗ್ಲಿ, ಆಮೇಲೆ ಔಷಧಿ, ಅಲರ್ಜಿ, ಡಿಸ್‌ಚಾರ್ಜ್ ಸಮರಿ ಎಲ್ಲ ನೋಡ್ಕೊಳ್ಳೋಣ.

ಹೊಸದಾಗಿ ಶುರು ಮಾಡ್ತಿದ್ರೆ ಆರೋಗ್ಯ ಡೇಟಾ ಹಂಚೋ ಸ್ಟ್ಯಾಂಡರ್ಡ್‌ಗಳನ್ನ ಮಾಡೋ ಎಚ್‌ಎಲ್7 ಸಂಸ್ಥೆಯ ಫೈರ್ (FHIR) ಸ್ಟ್ಯಾಂಡರ್ಡ್ ತಗೊಳ್ಳಿ, ಅದ್ರಲ್ಲೂ ಆರ್4 ಅನ್ನೋ ಆವೃತ್ತಿ. 2023ರಲ್ಲಿ ಆರ್5 ಬಂತು, ಆದ್ರೂ ಬಹಳಷ್ಟು ಸಾಫ್ಟ್‌ವೇರ್‌ಗೆ ಗೊತ್ತಿರೋದು ಆರ್4ನೇ. ಇದ್ರಲ್ಲಿ ಪೇಷೆಂಟ್, ಅಬ್ಸರ್ವೇಶನ್ (ಟೆಸ್ಟ್ ರಿಸಲ್ಟ್ ಥರದ ಅಳತೆ), ಎನ್‌ಕೌಂಟರ್ (ಪೇಷೆಂಟ್ ಆಸ್ಪತ್ರೆಗೆ ಬಂದ ಭೇಟಿ) ಅಂತ ಒಂದೊಂದೂ ಒಂದು ರಿಸೋರ್ಸ್, ಅಂದ್ರೆ ಮಾಹಿತಿಯ ಒಂದು ತುಂಡು, ಮಾಮೂಲಿ ವೆಬ್ ಏಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಡೇಟಾ ಕೇಳೋ ದಾರಿ) ಥರ ಜೇಸನ್ ಅನ್ನೋ ಪಠ್ಯ ರೂಪದಲ್ಲಿ ಕೇಳಿ ತಗೋಬಹುದು. ಹಳೇ ಸಿಸ್ಟಮ್ ಆದ್ರೆ ಅದೇ ಸಂಸ್ಥೆಯ ಹಳೇ ಸ್ಟ್ಯಾಂಡರ್ಡ್ ಆದ ಎಚ್‌ಎಲ್7 ವರ್ಶನ್ 2ರ ಮೆಸೇಜ್ ಕಳಿಸ್ತಿರತ್ತೆ, ಅದನ್ನ ಕಿತ್ತು ಹಾಕ್ಬೇಡಿ, ಮಧ್ಯೆ ಒಂದು ಇಂಟರ್‌ಫೇಸ್ ಎಂಜಿನ್ (ಮೆಸೇಜನ್ನ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸೋ ಸಾಫ್ಟ್‌ವೇರ್) ಇಟ್ಟು ಆ ಮೆಸೇಜ್‌ನಲ್ಲಿ ಪೇಷೆಂಟ್ ವಿವರ ಇರೋ ಪಿಐಡಿ ಸೆಗ್ಮೆಂಟನ್ನ ಪೇಷೆಂಟ್‌ಗೆ, ರಿಸಲ್ಟ್ ಇರೋ ಓಬಿಎಕ್ಸನ್ನ ಅಬ್ಸರ್ವೇಶನ್‌ಗೆ ಮ್ಯಾಪ್ ಮಾಡಿ. ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಅನ್ನೋ ಬೇರೆ ಸ್ಟ್ಯಾಂಡರ್ಡ್ ಇದ್ದೇ ಇದೆ.

ಕಷ್ಟ ಶುರುವಾಗೋದು ಈ ಪೇಷೆಂಟ್ ಯಾರು ಅನ್ನೋದ್ರಲ್ಲಿ. 1045 ಅನ್ನೋ ನಂಬರ್ ಎರಡೂ ಆಸ್ಪತ್ರೆಲಿ ಇರ್ಬಹುದು, ಇಬ್ರೂ ಬೇರೆ ಬೇರೆ ಜನ, ಅದಕ್ಕೇ ಐಡೆಂಟಿಫೈಯರ್‌ನಲ್ಲಿ ನಂಬರ್ ಜೊತೆ ಅದನ್ನ ಕೊಟ್ಟವರು ಯಾರು ಅಂತ ಹೇಳೋ ಸಿಸ್ಟಮ್ ಫೀಲ್ಡ್ ತುಂಬ್ಲೇಬೇಕು. ಹುಟ್ಟಿದ ವರ್ಷ ಮಾತ್ರ ಗೊತ್ತಿದ್ರೆ 1980 ಅಂತಷ್ಟೇ ಕಳಿಸಿ, ಫೈರ್ ಅದನ್ನ ಒಪ್ಕೊಳ್ಳತ್ತೆ. ಫಾರ್ಮ್ ತುಂಬ್ಲಿ ಅಂತ ಜನವರಿ 1 ಹಾಕಿದ್ರೆ ಅದೇ ಹುಟ್ಟುಹಬ್ಬ ಇರೋರು ನೂರಾರು ಜನ ಆಗ್ಬಿಡ್ತಾರೆ, ಮ್ಯಾಚಿಂಗ್ ಪೂರ್ತಿ ಕೆಡತ್ತೆ. ಅನುಮಾನ ಇದ್ರೆ ಇಬ್ಬರ ರೆಕಾರ್ಡ್ ಸೇರಿಸ್ಬೇಡಿ, ಒಬ್ರಿಗೇ ಎರಡು ರೆಕಾರ್ಡ್ ಇರೋದಕ್ಕಿಂತ ಒಬ್ರ ಬ್ಲಡ್ ಗ್ರೂಪ್ ಇನ್ನೊಬ್ರ ಹೆಸ್ರಲ್ಲಿ ಕೂರೋದು ತುಂಬಾ ಅಪಾಯ.

ಆಮೇಲೆ ಕೋಡ್‌ಗಳು. ಒಂದು ಲ್ಯಾಬ್‌ನಲ್ಲಿ ಶುಗರ್, ಇನ್ನೊಂದ್ರಲ್ಲಿ ಗ್ಲೂಕೋಸ್, ಮತ್ತೊಂದ್ರಲ್ಲಿ ಬರೀ ಜಿಎಲ್‌ಯು ಅಂತ ಇರತ್ತೆ. ಅದಕ್ಕೇ ಎಲ್ಲರೂ ಒಪ್ಪಿರೋ ಕೋಡ್ ಪಟ್ಟಿಗಳಿವೆ, ಟೆಸ್ಟ್‌ಗಳಿಗೆ ಲಾಯಿಂಕ್ (LOINC), ಕಾಯಿಲೆ ಮತ್ತೆ ಲಕ್ಷಣಗಳಿಗೆ ಸ್ನೋಮೆಡ್ ಸಿಟಿ (SNOMED CT), ಅಳತೆಯ ಯೂನಿಟ್‌ಗೆ ಯುಕಮ್ (UCUM) ಬಳಸಿ. ರಕ್ತದ ಸೀರಮ್ ಅಥವಾ ಪ್ಲಾಸ್ಮಾದಲ್ಲಿನ ಗ್ಲೂಕೋಸ್‌ನಲ್ಲೇ ನೋಡಿ, ಡೆಸಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಅಂತ ಅಳೆದ್ರೆ ಲಾಯಿಂಕ್ 2345-7, ಲೀಟರ್‌ಗೆ ಎಷ್ಟು ಮಿಲಿಮೋಲ್ ಅಂತ ಅಳೆದ್ರೆ 14749-6, ಮೊದಲ್ನೇದ್ರಲ್ಲಿ 90 ಬಂದಿದ್ದು ಎರಡನೇದ್ರಲ್ಲಿ ಬರೀ 5. ಯೂನಿಟ್ ಇಲ್ದೆ 5 ಅಂತ ಹೋದ್ರೆ ಓದೋರು ಪೇಷೆಂಟ್ ಪ್ರಜ್ಞೆ ತಪ್ಪಿದಾರೆ ಅಂದ್ಕೊಳ್ಬೇಕು! ಈ ಮ್ಯಾಪಿಂಗ್ ಕೆಲ್ಸ ಪ್ರೋಗ್ರಾಮರ್ ಒಬ್ರೇ ಕೂತು ಮಾಡ್ಬಾರ್ದು, ಲ್ಯಾಬ್‌ನವ್ರು ಪಕ್ಕದಲ್ಲಿ ಇರ್ಲೇಬೇಕು.

ಅಲರ್ಜಿ ವಿಷ್ಯದಲ್ಲಿ ಇನ್ನೂ ಹುಷಾರು. ಲಿಸ್ಟ್ ಖಾಲಿ ಬಂತು ಅಂದ್ರೆ ಅಲರ್ಜಿ ಇಲ್ಲ ಅಂತಲ್ಲ, ಯಾರೂ ಕೇಳೇ ಇಲ್ದೆ ಇರ್ಬಹುದು. ಕೇಳಿ ಇಲ್ಲ ಅಂತ ಗೊತ್ತಾಗಿದ್ರೆ ಅದನ್ನೇ ಹೇಳೋ ಸ್ನೋಮೆಡ್ ಕೋಡ್ ಇದೆ, 716186003, ಅದನ್ನ ಕಳಿಸಿ, ಖಾಲಿ ಲಿಸ್ಟನ್ನ ಸ್ಕ್ರೀನ್ ಮೇಲೆ 'ಮಾಹಿತಿ ಇಲ್ಲ' ಅಂತ ತೋರ್ಸಿ. ಹಾಗೇ ಸ್ಟೇಟಸ್ ಫೀಲ್ಡ್ ಬಿಡ್ಬೇಡಿ, ಲ್ಯಾಬ್‌ನವ್ರು ನಿನ್ನೆ ಕೊಟ್ಟ ರಿಸಲ್ಟ್ ಇವತ್ತು ತಿದ್ದಿದ್ರೆ 'ಕರೆಕ್ಟೆಡ್' ಅಂತ ಹೋಗ್ಬೇಕು, ಆ ಕಡೆ ಹಳೇದರ ಜಾಗದಲ್ಲಿ ಇದು ಕೂರ್ಬೇಕು, ಎರಡೂ ಅಕ್ಕಪಕ್ಕ ಕೂತ್ರೆ ಯಾವ್ದನ್ನ ನಂಬೋದು?

ಟೆಸ್ಟ್ ಮಾಡೋಕೆ ನಿಜವಾದ ಪೇಷೆಂಟ್ ಡೇಟಾ ಮುಟ್ಬೇಡಿ, ಸಿಂಥಿಯಾ ಅನ್ನೋ ಟೂಲ್ ಕಾಲ್ಪನಿಕ ಪೇಷೆಂಟ್‌ಗಳನ್ನ ಪೂರ್ತಿ ಹಿಸ್ಟರಿ ಸಮೇತ ಫೈರ್‌ನಲ್ಲೇ ಮಾಡಿಕೊಡತ್ತೆ. ಓಪನ್ ಸೋರ್ಸ್ ಹಾಪಿ ಫೈರ್ ಸರ್ವರ್‌ಗೆ ಅದನ್ನ ಹಾಕಿ, ಡೇಟಾ ಫೈರ್ ನಿಯಮದ ಪ್ರಕಾರ ಇದೆಯಾ ಅಂತ ನೋಡೋ ವ್ಯಾಲಿಡೇಟರ್ ಓಡ್ಸಿ. ಯಾವ ಆ್ಯಪ್ ಏನು ನೋಡ್ಬಹುದು ಅನ್ನೋದಕ್ಕೆ ಸ್ಮಾರ್ಟ್ ಆನ್ ಫೈರ್ ಇದೆ, ಆ್ಯಪ್‌ಗಳಿಗೆ ಅನುಮತಿ ಕೊಡೋ ಓಆತ್ 2 (OAuth 2) ಅನ್ನೋ ಪದ್ಧತಿ ಮೇಲೆ ಕಟ್ಟಿರೋದು, ನಿಮ್ದೇ ಲಾಗಿನ್ ಪದ್ಧತಿ ಕಂಡುಹಿಡಿಯೋಕೆ ಹೋಗ್ಬೇಡಿ.

ತಪ್ಪಾದ ಮೆಸೇಜ್ ಬಂದ್ರೆ ಸುಮ್ನೆ ಎಸೀಬೇಡಿ, ಒಂದು ಕ್ಯೂನಲ್ಲಿ ಇಟ್ಟು ದಿನಾ ಅದನ್ನ ನೋಡೋರು ಇಂಥೋರೇ ಅಂತ ಮೊದ್ಲೇ ಗೊತ್ತು ಮಾಡಿ. ಲೈವ್ ಹೋಗೋ ಮುಂಚೆ ಕಳಿಸಿದ ಲ್ಯಾಬ್‌ನ ರಿಪೋರ್ಟ್ ಪ್ರಿಂಟ್ ತಗೊಂಡು, ಆ ಕಡೆ ಡಾಕ್ಟರ್ ಸ್ಕ್ರೀನ್ ಪಕ್ಕ ಹಿಡಿದು, ಒಂದೊಂದೇ ಸಾಲು ಇಬ್ರು ಕೂತು ಓದಿ ನೋಡಿ.